ಯಾವ ಟಿಪ್ ಹಾಕಿ ಕೇಳಿದಿರಿ?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದ ಇಯರ್‌ಫೋನ್ ವಿಮರ್ಶೆಗಳನ್ನು ನಾನು ತಪ್ಪಿಸುವುದಿಲ್ಲ. ಮೊನ್ನೆ ಬಂದದ್ದು ಬೇಸ್ (ಕೆಳಗಿನ ಸ್ವರಗಳು) ಜೋರಾಗಿರುವ, ಕಿವಿಯೊಳಗೆ ತೂರಿಸಿಕೊಳ್ಳುವ ಬಗೆಯದು. ‘ಬೇಸ್ ಭರ್ಜರಿ, ದನಿ ಬೆಚ್ಚಗೆ, ಕಿವಿಗೆ ಹಿತ’ ಎಂದು ಮೂರು ಮಾತಿನಲ್ಲಿ ವಿಷಯ ಮುಗಿದಿತ್ತು. ಧ್ವನಿಗೆ ಬೇರೆ ನಕ್ಷತ್ರ, ಹಿತಕ್ಕೆ ಬೇರೆ ನಕ್ಷತ್ರ. ಬರೆದವರು ಯಾವ ಅಳತೆಯ ಟಿಪ್ (ಕಿವಿಯೊಳಗೆ ಹೋಗುವ ಮೂತಿಯ ಮೆತ್ತನೆಯ ಟೊಪ್ಪಿ) ಹಾಕಿಕೊಂಡಿದ್ದರು, ವಾಲ್ಯೂಮ್ ಎಷ್ಟಿಟ್ಟಿದ್ದರು, ಒಂದೇ ಸಮನೆ ಎಷ್ಟು ಹೊತ್ತು ಕೇಳಿದರು, ಇದ್ಯಾವುದೂ ಇಲ್ಲ. ಹಾಗಿದ್ದರೆ ಆ ಭರ್ಜರಿ ಬೇಸ್ ಇಯರ್‌ಫೋನಿನದೋ ಅಥವಾ ಬರೆದವರ ಕಿವಿಯದೋ ಎಂದು ಓದುವ ನಾವು ತಿಳಿಯುವುದು ಹೇಗೆ?

ಇಷ್ಟು ಜೋರಾಗಿ ಕೇಳಲು ಕಾರಣವಿದೆ. ನನ್ನದು ಧ್ವನಿಪುಸ್ತಕಗಳನ್ನು ತಿದ್ದುವ ಕಸುಬು. ಓದಿ ಧ್ವನಿಮುದ್ರಿಸಿದ ಕಾದಂಬರಿಯನ್ನು ಪುಸ್ತಕ ಎದುರಿಗಿಟ್ಟುಕೊಂಡು ಕೇಳುವುದು, ಎಲ್ಲಿ ಅಕ್ಷರ ನುಂಗಿದ್ದಾರೆ, ಎಲ್ಲಿ ಪುಟ ತಿರುವಿದ ಸದ್ದು ಉಳಿದಿದೆ ಎಂದು ಗುರುತು ಹಾಕುವುದು. ಕೆಲಸದ ಹೊತ್ತೆಲ್ಲ ಕಿವಿಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ತಿದ್ದುವುದಕ್ಕೆ ಬಣ್ಣ ಬಳಿಯದ, ಇದ್ದದ್ದನ್ನು ಇದ್ದಂತೆ ಹೇಳುವ ಇಯರ್‌ಫೋನ್ ಬೇಕು. ಕೆಲಸ ಮುಗಿಸಿ ಹಾಡು ಕೇಳಲು ಕೂತಾಗ ಮಾತ್ರ ನಾನು ಬೇಸ್ ತುಂಬಿದ್ದನ್ನೇ ಎತ್ತಿಕೊಳ್ಳುವವಳು. ಬೇಸ್ ಇಷ್ಟಪಡುವವರಿಗೆ ಸಂಗೀತ ಗೊತ್ತಿಲ್ಲ ಎಂದು ಮೂಗು ಮುರಿಯುವವರ ಕಡೆ ನಾನಿಲ್ಲ. ಧ್ವನಿ ಸಂಶೋಧಕ ಶಾನ್ ಆಲಿವ್ ಮತ್ತು ಜೊತೆಯವರು ಹರ್ಮನ್ ಎಂಬ ಆಡಿಯೋ ಕಂಪನಿಯಲ್ಲಿ ವರ್ಷಗಟ್ಟಲೆ ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ, ಹೆಚ್ಚಿನವರಿಗೆ ಯಾವ ಹದ ಒಪ್ಪುತ್ತದೆ ಎಂದು ಗೆರೆ ಎಳೆದು ತೋರಿಸಿದ್ದಾರೆ. ಆ ಗೆರೆ ಬೇಸಿನ ಕಡೆ ಎದ್ದೇ ನಿಂತಿದೆ, ಕಿವಿಯೊಳಗಿನ ಇಯರ್‌ಫೋನ್‌ಗೆ ಎಳೆದದ್ದರಲ್ಲಂತೂ ತಲೆಗೆ ಹಾಕುವ ಹೆಡ್‌ಫೋನ್‌ಗಿಂತ ಹೆಚ್ಚು. ಅದಕ್ಕೂ ಮೀರಿ ಬೇಸ್ ಬೇಕೆನ್ನುವವರು, ಅಷ್ಟು ಬೇಡವೆನ್ನುವವರು ಆ ಪರೀಕ್ಷೆಗಳಲ್ಲೂ ಇದ್ದರು. ರುಚಿಯ ವಿಷಯ ಅಷ್ಟಕ್ಕೇ ಬಿಡೋಣ.

ನನ್ನ ತಕರಾರು ಟಿಪ್‌ನದು. ಕಿವಿಯೊಳಗೆ ಕೂರುವ ಇಯರ್‌ಫೋನಿನ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಭಾಗ, ಉಗುರಿನಷ್ಟು ಚಿಕ್ಕದು. ಕೋಣೆಯ ಗಾಳಿಯನ್ನು ಅಲುಗಿಸಿ ಬೇಸ್ ಕೊಡುವ ತಾಕತ್ತು ಅದಕ್ಕಿಲ್ಲ. ಟಿಪ್‌ಗೂ ಕಿವಿತಮಟೆಗೂ ನಡುವೆ ಸಿಕ್ಕಿಬಿದ್ದ ಚಿಟಿಕೆಯಷ್ಟು ಗಾಳಿಯನ್ನು ಒತ್ತಿ ಬಿಡುವುದೇ ಅದರ ಕೆಲಸ. ಆ ಜಾಗ ಬಿಗಿಯಾಗಿ ಮುಚ್ಚಿದ್ದರೆ ಬೇಸ್ ಬರುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಒತ್ತಡ ಅಲ್ಲಿಂದ ಸೋರುತ್ತದೆ. ಕೆಳಗಿನ ಸ್ವರಗಳು ನಿಧಾನವಾಗಿ ಅಲುಗುವುದರಿಂದ ಅವಕ್ಕೆ ಸೋರಲು ಪುರಸೊತ್ತಿದೆ. ಮೇಲಿನವು ಅಷ್ಟರಲ್ಲಿ ತಮಟೆ ಮುಟ್ಟಿರುತ್ತವೆ. ಹೀಗಾಗಿ ಟಿಪ್ ಸಡಿಲವಾದರೆ ಎಲ್ಲ ಒಟ್ಟಿಗೆ ತಗ್ಗುವುದಿಲ್ಲ, ಬೇಸ್ ಒಂದೇ ಕಾಣೆಯಾಗುತ್ತದೆ. ಅದೇ ಪೆಟ್ಟಿಗೆಯಿಂದ ಬಂದ ಅದೇ ಇಯರ್‌ಫೋನು ಒಬ್ಬರಿಗೆ ಎದೆ ನಡುಗಿಸಿದರೆ ಇನ್ನೊಬ್ಬರಿಗೆ ಪೀಚಲಾಗಿ ಕೇಳುವುದು ಇದರಿಂದಲೇ. ಹಾಡು ನಡೆಯುತ್ತಿರುವಾಗ ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬೇಸ್ ಒಮ್ಮೆಲೇ ಏರಿದರೆ ಅಲ್ಲಿಯವರೆಗೆ ನೀವು ಕೇಳಿದ್ದು ಸೋರಿಹೋಗಿ ಉಳಿದದ್ದು ಎಂದರ್ಥ.

ನನ್ನ ಬಲಗಿವಿಗೆ ನಡುವಿನ ಅಳತೆಯ ಟಿಪ್, ಎಡಗಿವಿಗೆ ಚಿಕ್ಕದು. ಇದೇನೂ ಅಪರೂಪವಲ್ಲ, ಎರಡು ಕಿವಿಯ ಕಾಲುವೆ ಒಂದೇ ಗಾತ್ರ ಇರಲೇಬೇಕೆಂದೇನಿಲ್ಲ. ಎರಡಕ್ಕೂ ಒಂದೇ ಅಳತೆ ಹಾಕಿಕೊಂಡರೆ ಎಡಗಡೆ ಬಿಗಿದು ನೋಯುತ್ತದೆ, ಇಲ್ಲವೇ ಬಲಗಡೆ ಬೇಸ್ ಸೋರಿ ಹಾಡು ಎಡಕ್ಕೆ ವಾಲಿದಂತೆ ಕೇಳುತ್ತದೆ. ಇನ್ನೊಂದು ಸಂಗತಿ, ದವಡೆ. ಬಾಯಿ ತೆರೆದಾಗ ಕಿವಿಯ ಕಾಲುವೆಯ ಆಕಾರವೇ ಬದಲಾಗುತ್ತದೆ. ಅನುಮಾನ ಬಂದ ಸಾಲನ್ನು ನಾನು ಜೊತೆಯಲ್ಲೇ ಓದಿಕೊಂಡು ನೋಡುತ್ತೇನೆ, ಆಗೆಲ್ಲ ‘ಆ’ ಎಂದಾಗ ಬೇಸ್ ಮಾಯ, ‘ಮ’ ಎಂದು ತುಟಿ ಮುಚ್ಚಿದಾಗ ಹಾಜರು. ಸುಮ್ಮನೆ ಕುರ್ಚಿಯಲ್ಲಿ ಕೂತು ಕೇಳಿದವರಿಗೆ ಇದು ಗೊತ್ತಾಗುವುದೇ ಇಲ್ಲ. ನಡೆಯುತ್ತ, ಮಾತಾಡುತ್ತ, ಆಕಳಿಸುತ್ತ ಕೇಳಿದರೂ ಬೇಸ್ ನಿಲ್ಲುತ್ತದೆಯೇ? ಬೇಸ್ ಜೋರಿರುವ ಇಯರ್‌ಫೋನಿನ ವಿಮರ್ಶೆಯಲ್ಲಿ ನನಗೆ ಮೊದಲು ಬೇಕಾದ ಉತ್ತರ ಅದು.

ಹಿತದ ಪ್ರಶ್ನೆಯೂ ಇಲ್ಲೇ ಬಂದು ಸೇರಿಕೊಳ್ಳುತ್ತದೆ. ಬೇಸ್ ಸೋರಬಾರದೆಂದು ದೊಡ್ಡ ಟಿಪ್ ಹಾಕಿದರೆ ಅದು ಕಾಲುವೆಯ ಗೋಡೆಯನ್ನು ದೂಡುತ್ತದೆ, ಹೊತ್ತು ಕಳೆದಂತೆ ಅಲ್ಲಿ ಮಂದವಾದ ನೋವು. ಮೇಲಿಂದ ನಮ್ಮದೇ ಸದ್ದುಗಳ ಕಾಟ. ಮುಚ್ಚಿದ ಕಿವಿಯಲ್ಲಿ ಸ್ವಂತ ಮಾತು ಗುಂಯ್ಗುಡುತ್ತದೆ, ಹೆಜ್ಜೆ ಇಟ್ಟಿದ್ದು ತಲೆಯೊಳಗೇ ಧಡ್ ಎನ್ನುತ್ತದೆ. ಮೂಳೆಯ ಮೂಲಕ ಬಂದ ಕೆಳಸ್ವರ ಆಚೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುವುದರಿಂದ ಹೀಗೆ. ತಯಾರಕರು ಇದಕ್ಕೆಂದು ಹೊರಕವಚದಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿಡುತ್ತಾರೆ. ಒತ್ತಡ ತಗ್ಗುತ್ತದೆ, ಆದರೆ ಹೊರಗಿನ ಗದ್ದಲಕ್ಕೂ ಒಂದಿಷ್ಟು ಬಾಗಿಲು ತೆರೆದಂತಾಗುತ್ತದೆ. ರಂಧ್ರ ಸಾಲದಿದ್ದರೆ ಕಿವಿಗೆ ತೂರಿಸುವಾಗ ಡ್ರೈವರಿನ ಪದರ ಮಡಚಿ ‘ಚಿಟ್’ ಎನ್ನುವುದುಂಟು. ಕೆಟ್ಟುಹೋಯಿತೆಂದು ಹೆದರಬೇಕಿಲ್ಲ, ಕಿರಿಕಿರಿಯಂತೂ ಹೌದು.

ಸಿಲಿಕಾನ್ ಬಿಟ್ಟು ಫೋಮ್ ಟಿಪ್ ಹಾಕಿ ಎನ್ನುವವರಿದ್ದಾರೆ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ತೂರಿಸಿ ಹಿಡಿದುಕೊಂಡರೆ ಅದು ಒಳಗೆ ಅರಳಿ ಕಾಲುವೆಯ ಆಕಾರಕ್ಕೇ ಕೂರುತ್ತದೆ. ನನ್ನ ಎಡಗಿವಿಗೆ ಅದೇ ಸುಖ. ಆದರೆ ಫೋಮ್ ಮೇಲಿನ ಸ್ವರಗಳನ್ನು ಕೊಂಚ ಹೀರಿಕೊಳ್ಳುತ್ತದೆ. ಚುರುಕು ದನಿಯ ಇಯರ್‌ಫೋನಿಗೆ ಅದು ಮದ್ದು. ಮೊದಲೇ ಬೆಚ್ಚಗಿರುವುದಕ್ಕೆ, ಅಂದರೆ ಕೆಳಸ್ವರ ಮುಂದಾಗಿ ಮೇಲಿನವು ತಗ್ಗಿರುವುದಕ್ಕೆ, ಹಾಕಿದರೆ ಕಂಬಳಿ ಹೊದಿಸಿದಂತೆ. ಇಷ್ಟೆಲ್ಲ ಒಂದಕ್ಕೊಂದು ಗಂಟು ಬಿದ್ದಿರುವಾಗ ‘ಧ್ವನಿ’ಗೆ ನಾಲ್ಕು, ‘ಹಿತ’ಕ್ಕೆ ಮೂರೂವರೆ ಎಂದು ಬೇರೆ ಬೇರೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ಹಿತವಾದ ಟಿಪ್‌ನಲ್ಲಿ ಬೇಸ್ ಉಳಿಯುತ್ತದೆಯೋ, ಬೇಸ್ ಉಳಿಸುವ ಟಿಪ್ ಹಿತವಾಗಿರುತ್ತದೆಯೋ? ಇರುವುದು ಇದೊಂದೇ ಪ್ರಶ್ನೆ.

ವಿಮರ್ಶೆಯ ಪಕ್ಕದಲ್ಲಿ ಆಗಾಗ ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗ್ರಾಫ್ ಹಾಕುತ್ತೀರಿ, ಒಳ್ಳೆಯದೇ. ಆದರೆ ಅಂಥ ಗ್ರಾಫ್‌ಗಳನ್ನು ಹೆಚ್ಚಾಗಿ ತೆಗೆಯುವುದು ಐಇಸಿ 60318-4 ಎಂಬ ಮಾನಕದ ಕೃತಕ ಕಿವಿಯಲ್ಲಿ ಅಥವಾ ಅದರ ಅಗ್ಗದ ನಕಲಿನಲ್ಲಿ. ಅದು ಲೋಹದ ನಳಿಗೆ. ಅದಕ್ಕೆ ದವಡೆಯಿಲ್ಲ, ಬೆವರಿಲ್ಲ, ಟಿಪ್ ಸರಿಯಾಗಿ ಕೂರಿಸಿಯೇ ಅಳೆಯುತ್ತಾರೆ. ಗ್ರಾಫಿನ ಬೇಸ್ ಎಂದರೆ ಏನೂ ಸೋರದಿದ್ದರೆ ಸಿಗಬಹುದಾದ ಬೇಸ್.

ಇನ್ನು ವಾಲ್ಯೂಮ್. ಸದ್ದು ತಗ್ಗಿದಷ್ಟೂ ನಮ್ಮ ಕಿವಿ ಕೆಳಗಿನ ಸ್ವರಗಳಿಗೆ ಮಂಕಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಅಂದರೆ ಮೆಲ್ಲಗೆ ಕೇಳುವವರಿಗೆ ಬೇಸ್ ತುಂಬಿದ ಇಯರ್‌ಫೋನ್ ಹದವಾಗಿ ಕೇಳುತ್ತದೆ, ಅದನ್ನೇ ಜೋರಾಗಿ ಇಟ್ಟರೆ ಉಬ್ಬುತ್ತದೆ. ಒಬ್ಬರು ‘ಹದ’ ಎಂದದ್ದನ್ನು ಇನ್ನೊಬ್ಬರು ‘ಅತಿ’ ಎಂದರೆ ಇಬ್ಬರೂ ನಿಜ ಹೇಳುತ್ತಿರಬಹುದು. ಎರಡು ಇಯರ್‌ಫೋನ್ ಹೋಲಿಸುವಾಗ ಸದ್ದು ಸಮ ಮಾಡಿಕೊಳ್ಳದಿದ್ದರೆ ಕೊಂಚ ಜೋರಾಗಿರುವುದೇ ಗೆಲ್ಲುತ್ತದೆ. ಫೋನಿನಲ್ಲಿ ವಾಲ್ಯೂಮಿನ ಅದೇ ಗೆರೆ ಇಟ್ಟೆ ಎಂದರೆ ಸಾಲದು, ಒಂದೊಂದು ಇಯರ್‌ಫೋನಿನ ಸೂಕ್ಷ್ಮತೆ (ಅದೇ ಗೆರೆಗೆ ಎಷ್ಟು ಜೋರಾಗುತ್ತದೆ ಎಂಬುದು) ಒಂದೊಂದು ತರಹ.

ಬೆಚ್ಚನೆಯ ದನಿಯ ಅಪಾಯವೂ ಇಲ್ಲೇ ಇದೆ. ಟ್ರೆಬಲ್ (ಮೇಲಿನ ಸ್ವರಗಳು) ಚುಚ್ಚುವ ಇಯರ್‌ಫೋನಿನಲ್ಲಿ ವಾಲ್ಯೂಮ್ ಏರಿಸಿದರೆ ಕಿವಿ ಕೂಡಲೇ ಸಾಕು ಎನ್ನುತ್ತದೆ. ಬೆಚ್ಚಗಿನದು ಹಾಗೆ ಚುಚ್ಚುವುದಿಲ್ಲ, ಮಾತು ಸ್ಪಷ್ಟವಾಗಲಿ ಎಂದು ಒಂದೊಂದೇ ಗೆರೆ ಏರಿಸುತ್ತಾ ಹೋಗುತ್ತೇವೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಮೇಲೆ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಕಿವಿ ಸರಿಯಾಗಿ ಮುಚ್ಚಿದ್ದರೆ ಹೊರಗಿನ ಗದ್ದಲ ಒಳಬರದೆ ಮೆಲ್ಲಗೇ ಕೇಳಬಹುದು. ಟಿಪ್ ಹುಡುಕಲು ಹೊತ್ತು ಕಳೆದರೂ ಚಿಂತೆಯಿಲ್ಲ ಎನ್ನಲು ನನಗೆ ಇದು ಬೇಸಿಗಿಂತ ದೊಡ್ಡ ಕಾರಣ.

ಬೇಸ್ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದನ್ನು ನೋಡಬೇಕು. ಪಿಯಾನೋದ ಕಟ್ಟಕಡೆಯ ಸ್ವರ 27.5 ಹರ್ಟ್ಜ್, ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್. ಅಂಥ ಆಳದಲ್ಲಿ ಎತ್ತಿ ಕೊಟ್ಟ ಬೇಸ್ ಹಾಡುಗಾರರ ದನಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಎತ್ತಿದ್ದು 200-300 ಹರ್ಟ್ಜ್‌ವರೆಗೂ ಹಬ್ಬಿದರೆ ಗಂಡು ದನಿ ದಪ್ಪವಾಗಿ ಗಂಟಲಲ್ಲೇ ಉಳಿದಂತಾಗುತ್ತದೆ. ಮೊದಮೊದಲು ಇದೇ ‘ಬೆಚ್ಚಗೆ’ ಎಂದು ಮೆಚ್ಚಿಗೆಯಾಗುವುದುಂಟು. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಜ್ ಮಾತ್ರ. ಗಂಡಸರ ದನಿಯ ಮೂಲಸ್ವರ ಅದಕ್ಕಿಂತ ಎಷ್ಟೋ ಕೆಳಗೆ. ಆದರೂ ಆ ಕಡೆ ಮಾತಾಡುತ್ತಿರುವುದು ಅಪ್ಪನೇ ಎಂದು ತಿಳಿಯುತ್ತಿತ್ತಲ್ಲ! ಇಲ್ಲದ ಕೆಳಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಬೇಸ್ ಹೇರಳವಾಗಿದ್ದ ಮಾತ್ರಕ್ಕೆ ದನಿ ನಿಜವಾಗುವುದಿಲ್ಲ.

ನನ್ನ ಪರೀಕ್ಷೆ ನನ್ನ ಕಸುಬಿನಿಂದಲೇ ಬಂದದ್ದು. ಯಾವ ಇಯರ್‌ಫೋನ್ ಬಂದರೂ ಹಾಡಿಗೆ ಮೊದಲು ಒಬ್ಬರು ಓದಿದ ನಾಲ್ಕು ಪುಟ ಗದ್ಯ ಹಾಕುತ್ತೇನೆ. ‘ಬಾರ’ ಎಂದರೋ ‘ಭಾರ’ ಎಂದರೋ? ‘ದನ’ವೋ ‘ಧನ’ವೋ? ಮಹಾಪ್ರಾಣದ ಉಸಿರು ಬಲು ತೆಳುವಾದ ಸದ್ದು, ಪಕ್ಕದ ಸ್ವರದ ದಪ್ಪಕ್ಕೆ ಸುಲಭವಾಗಿ ಮುಳುಗುತ್ತದೆ. ಕೆಳಸ್ವರ ಮೇಲಿನದನ್ನು ಮುಚ್ಚಿಹಾಕುವಷ್ಟು ಸಲೀಸಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು, ಕಿವಿಯ ರಚನೆಯೇ ಹಾಗೆ. ಬೇಸ್ ಹೆಚ್ಚಿದ್ದೂ ‘ಭ’ದ ಉಸಿರು ಉಳಿದಿದ್ದರೆ ಆ ಇಯರ್‌ಫೋನ್ ಮಾಡಿದವರಿಗೆ ಕೆಲಸ ಗೊತ್ತು ಎಂದುಕೊಳ್ಳುತ್ತೇನೆ. ಆಮೇಲೆ ‘ಶ’ ಮತ್ತು ‘ಸ’. ‘ಸ’ದ ಸದ್ದು ‘ಶ’ಕ್ಕಿಂತ ಮೇಲಿನ ಆವರ್ತನದಲ್ಲಿದೆ. ಟ್ರೆಬಲ್ ಅತಿಯಾಗಿ ತಗ್ಗಿಸಿದ್ದರೆ ಎರಡೂ ಒಂದರ ಪಕ್ಕ ಒಂದು ಸರಿದು ‘ಸಾಲೆ’ಯೋ ‘ಶಾಲೆ’ಯೋ ತಿಳಿಯದೆ ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕಾಗುತ್ತದೆ. ಇಷ್ಟು ದಾಟಿದರೆ ತಬಲಾ. ಜೋಡಿಯಲ್ಲಿ ದೊಡ್ಡದಾದ ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸಿದಾಗ ಬರುವ ಆ ಜಾರುವ ‘ಘೇ’ ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂದು ಕೇಳಬೇಕು. ಬರೀ ‘ಧೊಂ’ ಎಂದು ಒಂದೇ ಉಂಡೆಯಾಗಿ ಕೇಳಿದರೆ ಬೇಸ್ ಇದೆ, ಅದರಲ್ಲಿ ಏನೂ ಇಲ್ಲ.

ಒಮ್ಮೆ ಕೇಳಿ ತೀರ್ಪು ಕೊಡುವುದೂ ಬೇಡ. ಒಂದು ಗಂಟೆ ಬೆಚ್ಚನೆಯ ದನಿ ಕೇಳಿದ ಮೇಲೆ ಬೇರೆಯದೆಲ್ಲ ತಗಡಿನಂತೆ ಕೇಳುತ್ತದೆ. ಇಯರ್‌ಫೋನ್ ‘ಪಳಗಿತು’ ಎನ್ನುತ್ತೇವೆ, ಹೆಚ್ಚಿನ ಪಾಲು ಪಳಗಿದ್ದು ನಾವು. ಬೆಳಿಗ್ಗೆ ಕಿವಿ ಖಾಲಿಯಿದ್ದಾಗ ಇನ್ನೊಮ್ಮೆ ಕೇಳಿದರೆ ನಿಜ ಬಯಲಾಗುತ್ತದೆ. ಹಿತವೂ ಅಷ್ಟೇ. ಮೊದಲ ಹತ್ತು ನಿಮಿಷ ಎಲ್ಲವೂ ಹಿತವೇ. ಕಿವಿಯ ಬಟ್ಟಲಿನ ಅಂಚಿಗೆ ಕವಚದ ಮೂಲೆ ಒತ್ತುವುದು, ಒಳಗೆ ಬೆವೆತು ತುರಿಸುವುದು ಆಮೇಲಿನ ಮಾತು. ತಂತಿಯಿರುವುದಾದರೆ ಅದು ಅಂಗಿಗೆ ಉಜ್ಜಿದ ಸದ್ದೂ ಕಿವಿಗೇ ಬರುತ್ತದೆ. ಕಿವಿಯ ಮೇಲಿಂದ ಸುತ್ತಿ ಬಿಟ್ಟರೆ ಕಡಿಮೆಯಾಗುತ್ತದೆ, ಆದರೆ ನನ್ನಂತೆ ಕನ್ನಡಕ ಹಾಕುವವರಿಗೆ ಕಿವಿಯ ಹಿಂದಿನ ಅಷ್ಟೇ ಜಾಗದಲ್ಲಿ ತಂತಿ, ಕನ್ನಡಕದ ಕಡ್ಡಿ ಎರಡಕ್ಕೂ ಜಗಳ. ಯಾವ ವಿಮರ್ಶೆಯಲ್ಲೂ ಈ ಜಗಳದ ಸುದ್ದಿ ಓದಿಲ್ಲ.

ಆದ್ದರಿಂದ ವಿಮರ್ಶೆಯ ಕೆಳಗೆ ಒಂದೆರಡು ಸಾಲು ಜಾಗ ಕೊಡಿ: ಟಿಪ್ ಯಾವ ಅಳತೆಯದು, ಸಿಲಿಕಾನೋ ಫೋಮೋ, ಪೆಟ್ಟಿಗೆಯಲ್ಲಿ ಬಂದದ್ದೋ ಬೇರೆಯದೋ, ಎಷ್ಟು ಹೊತ್ತು ಕಿವಿಯಲ್ಲಿತ್ತು, ಬಾಯಿ ತೆರೆದಾಗ ಬೇಸ್ ಉಳಿಯಿತೇ, ಬರೆದವರಿಗೆ ಕನ್ನಡಕ ಇದೆಯೇ. ಜಾಗ ಸಾಲದಿದ್ದರೆ ನಕ್ಷತ್ರಗಳನ್ನು ತೆಗೆದುಬಿಡಿ. ಪರೀಕ್ಷೆಗೆ ಬಂದದ್ದು ನಿಮ್ಮ ಕಚೇರಿಯಲ್ಲಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋಗುವುದಾದರೆ ಟಿಪ್ ಬದಲಿಸಿ, ಮೂತಿಯ ಜಾಲರಿಯನ್ನೂ ಒರೆಸಿ ಕೊಡಲು ಹೇಳಿ. ಗುಗ್ಗೆ ಕಟ್ಟಿದ ಜಾಲರಿ ಮೊದಲು ನುಂಗುವುದು ಟ್ರೆಬಲ್ಲನ್ನೇ. ಆಗ ಕೈಗೆ ಬಂದ ಇಯರ್‌ಫೋನೆಲ್ಲ ಬೆಚ್ಚಗೇ ಕೇಳುತ್ತದೆ.

ಇಂತಿ,
ಧ್ವನಿಪುಸ್ತಕ ತಿದ್ದುವ ನಿಮ್ಮ ಓದುಗಿ