ಲೋಡ್ ತುಂಬಿದರೆ ಎಷ್ಟು ಕಿ.ಮೀ.?

ಮಾನ್ಯರೇ,

ಹೊಸ ಎಲೆಕ್ಟ್ರಿಕ್ ಗೂಡ್ಸ್ ಗಾಡಿ ಕೊಳ್ಳುವವರಿಗೆ, ಪೂರ್ತಿ ಲೋಡ್ ಹೊತ್ತಾಗ ಅದು ಎಷ್ಟು ದೂರ ಓಡುತ್ತದೆ ಎಂಬ ಲೆಕ್ಕ ಸರಿಯಾಗಿ ಸಿಗುತ್ತಿಲ್ಲ. ಶೋರೂಮಿನಲ್ಲಿ ಹೇಳುವುದು ಪರೀಕ್ಷೆಯಲ್ಲಿ ಬಂದ ಅಂಕಿ. ಭಾರ, ಏರು, ವೇಗ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ಕೋಲಾರದಿಂದ ಟೊಮೆಟೊ ಕ್ರೇಟು ತುಂಬಿಕೊಂಡು ಬೆಂಗಳೂರಿಗೆ ಹೋಗಿ ಬರಲು ಸುಮಾರು 140 ಕಿ.ಮೀ. ಆಗುತ್ತದೆ. ಸಾಲ ಮಾಡಿ ಗಾಡಿ ತಂದವನು ದಾರಿಯಲ್ಲಿ ಚಾರ್ಜಿಗೆ ಕಾಯುತ್ತಾ ನಿಂತರೆ ಆ ದಿನದ ಬಾಡಿಗೆಯೇ ಹೋಯಿತು, ಅಲ್ವಾ?

ಡೀಸೆಲ್ ಹೊಗೆ ಕಡಿಮೆಯಾಗಲೇಬೇಕು. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು. ಪೂರ್ತಿ ಲೋಡಿನಲ್ಲಿ ಓಡುವ ದೂರವನ್ನೂ ಬೆಲೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಯುವಂತೆ ಸಾರಿಗೆ ಇಲಾಖೆ ಮಾರಾಟಗಾರರಿಗೆ ಸೂಚಿಸಲಿ. ಎಪಿಎಂಸಿ ಯಾರ್ಡುಗಳಲ್ಲಿ ಸರಕು ಇಳಿಸುವ ಹೊತ್ತಿಗೇ ಚಾರ್ಜ್ ಮಾಡಿಕೊಳ್ಳುವ ವ್ಯವಸ್ಥೆಯೂ ಆಗಲಿ.

— ಓದುಗ, ಕೋಲಾರ