ಔಷಧಿ ಅಂಗಡಿಯ ಅಕ್ಕನಿಗೆ

ಜಯನಗರದ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದ ಅಕ್ಕ, ಇದು ನಿಮಗೆ ತಲುಪಿದರೆ ಸಂತೋಷ. ‘ಕಣ್ಣು ಉರಿ, ಸದಾ ನೀರು ಸೋರುತ್ತೆ, ಕೆಂಪು ಇಳಿಯೋ ಡ್ರಾಪ್ಸ್ ಕೊಡಮ್ಮ’ ಅಂದ ನಮ್ಮಮ್ಮನಿಗೆ ನೀವು ಬಾಟಲಿ ಕೊಟ್ಟು ಕಳಿಸಬಹುದಿತ್ತು. ಅದರ ಬದಲು, ‘ಕಣ್ಣು ಒಣಗಿದ್ರೂ ನೀರು ಸುರಿಯುತ್ತೆ ಅಮ್ಮ, ಆ ಡ್ರಾಪ್ಸ್ ಬರೀ ಕೆಂಪು ಮುಚ್ಚುತ್ತೆ, ಮೊದಲು ಡಾಕ್ಟರಿಗೆ ತೋರಿಸಿ’ ಎಂದಿರಿ. ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಎಷ್ಟು ಜನ!

ಡಾಕ್ಟರು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತೆಂದು ನೋಡಿದರು. ಅಮ್ಮನಿಗೆ ನೀರಿನ ಕೊರತೆಯಿರಲಿಲ್ಲ. ಆ ನೀರು ಬೇಗ ಆರದಂತೆ ಕಾಯುವ ಎಣ್ಣೆಯ ಪದರ ತೆಳುವಾಗಿತ್ತು. ರೆಪ್ಪೆಯಂಚಿನ ಮೀಬೋಮಿಯನ್ ಗ್ರಂಥಿಗಳಲ್ಲಿ ಎಣ್ಣೆ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದಕ್ಕೇ ದಿನಾ ಬೆಚ್ಚನೆಯ ಬಟ್ಟೆಯ ಶಾಖ, ಆಮೇಲೆ ರೆಪ್ಪೆಯನ್ನು ಹಗುರವಾಗಿ ನೀವುವುದು, ಜೊತೆಗೆ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳಬಾರದು.

ಧಾರಾವಾಹಿ ನೋಡುವಾಗ ‘ರೆಪ್ಪೆ ಮಿಟುಕಿಸಮ್ಮ’ ಎಂದು ನೆನಪಿಸುವ ಕೆಲಸ ನನ್ನದು, ಬೈಗುಳವೂ ನನಗೇ. ಉರಿ ಪೂರ್ತಿ ಹೋಗಿಲ್ಲ. ಆದರೆ ಅಮ್ಮ ಮತ್ತೆ ಹೊಲಿಗೆಗೆ ಕೂರುತ್ತಿದ್ದಾರೆ. ತುಂಬಾ ಥ್ಯಾಂಕ್ಸ್, ಅಕ್ಕ.