ಜಿಟಿಎ ಹುಟ್ಟಿದ ಊರು ಡಂಡೀ

ಸಂಪಾದಕರಿಗೆ,

ಮಾನ್ಯರೇ,

‘ಗ್ರ್ಯಾಂಡ್ ಥೆಫ್ಟ್ ಆಟೊ’ (ಜಿಟಿಎ) ಎಂಬ ವಿಡಿಯೊ ಗೇಮ್ ಸರಣಿಯ ಸುದ್ದಿ ಬಂದಾಗಲೆಲ್ಲ ಅದನ್ನು ಅಮೆರಿಕದ ಆಟವೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಕಥೆಗಳು ನ್ಯೂಯಾರ್ಕ್, ಮಯಾಮಿ, ಲಾಸ್ ಏಂಜಲೀಸ್‌ಗಳನ್ನು ಹೋಲುವ ಊರುಗಳಲ್ಲಿ ನಡೆಯುತ್ತವೆ, ಮಾಲೀಕ ಸಂಸ್ಥೆಯೂ ನ್ಯೂಯಾರ್ಕಿನದೇ. ಆದ್ದರಿಂದ ಈ ತಪ್ಪು ಆಶ್ಚರ್ಯದ್ದಲ್ಲ. ಆದರೂ ಅದು ತಪ್ಪೇ. ಆಟವನ್ನು ಕಟ್ಟಿದ್ದು ಸ್ಕಾಟ್ಲೆಂಡಿನ ಡಂಡೀ ಎಂಬ ಬಂದರು ಊರಿನ ಡಿಎಂಎ ಡಿಸೈನ್ ಎಂಬ ಸ್ಟುಡಿಯೊ.

ಬಂಗಾಳದ ಸೆಣಬನ್ನು ತರಿಸಿ ನೇಯ್ದು ಬದುಕಿದ್ದ ಊರು ಡಂಡೀ. ಸೆಣಬಿನ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ಅಲ್ಲಿದ್ದ ಟೈಮೆಕ್ಸ್ ಗಡಿಯಾರ ಕಾರ್ಖಾನೆಗೆ ಸಿಂಕ್ಲೇರ್ ಕಂಪನಿಯ ಅಗ್ಗದ ಮನೆ ಕಂಪ್ಯೂಟರುಗಳನ್ನು ಜೋಡಿಸುವ ಕೆಲಸ ಸಿಕ್ಕಿತು. ಊರಿನ ಹುಡುಗರ ಕೈಗೆ ಸಿಂಕ್ಲೇರ್‌ನ ಸ್ಪೆಕ್ಟ್ರಮ್ ಕಂಪ್ಯೂಟರು ಬಂದದ್ದು ಹೀಗೆ. ಕೆಲವು ಕಾರ್ಖಾನೆಯ ಹಿಂಬಾಗಿಲಿನಿಂದಲೂ ಬಂದವೆಂದು ಊರಿನವರೇ ನಗುತ್ತ ಹೇಳಿಕೊಳ್ಳುವುದುಂಟು. ಆ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಡೇವಿಡ್ ಜೋನ್ಸ್, ನೌಕರಿ ಬಿಟ್ಟಾಗ ಸಿಕ್ಕ ಪರಿಹಾರದ ಹಣದಲ್ಲಿ ಒಂದು ಅಮಿಗಾ ಕಂಪ್ಯೂಟರು ಕೊಂಡು, ಊರಿನ ಹವ್ಯಾಸಿ ಕಂಪ್ಯೂಟರ್ ಕ್ಲಬ್ಬಿನ ಗೆಳೆಯರಾದ ಮೈಕ್ ಡೈಲಿ, ರಸೆಲ್ ಕೇ, ಸ್ಟೀವ್ ಹ್ಯಾಮಂಡ್ ಅವರೊಡನೆ 1980ರ ದಶಕದ ಕೊನೆಯಲ್ಲಿ ಡಿಎಂಎ ಕಟ್ಟಿದರು. ಮೊದಲ ಆಟ ‘ಮೆನೇಸ್’ 1988ರಲ್ಲಿ ಬಂತು.

ಹೆಸರು ತಂದುಕೊಟ್ಟದ್ದು 1991ರ ಫೆಬ್ರುವರಿಯಲ್ಲಿ ಬಂದ ‘ಲೆಮಿಂಗ್ಸ್’. ಅದರ ಹುಟ್ಟು ಒಂದು ಮಧ್ಯಾಹ್ನದ ಹಟದಿಂದ ಆದದ್ದು ಎನ್ನಬೇಕು: ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದೊಳಗೇ ನಡೆದಾಡುವ ಮನುಷ್ಯನನ್ನು ತೋರಿಸಬಹುದೆಂದು ಡೈಲಿ ಬಿಡಿಸಿ ತೋರಿಸಿದರು, ಇದರಲ್ಲೊಂದು ಆಟವಿದೆ ಎಂದು ರಸೆಲ್ ಕೇ ಗುರುತಿಸಿದರು. ಮುಂದೆ ಗುಂಡಿಯಿದ್ದರೂ ನಿಲ್ಲದೆ ನಡೆಯುವ ಹಸಿರು ಕೂದಲಿನ ಈ ಪುಟ್ಟ ಜೀವಿಗಳಲ್ಲಿ ಒಂದಕ್ಕೆ ಅಗೆಯುವ, ಇನ್ನೊಂದಕ್ಕೆ ಸೇತುವೆ ಕಟ್ಟುವ, ಮತ್ತೊಂದಕ್ಕೆ ದಾರಿ ತಡೆದು ನಿಲ್ಲುವ ಕೆಲಸ ಹಚ್ಚಿ, ಹಿಂಡನ್ನು ಬಾಗಿಲು ಮುಟ್ಟಿಸುವುದೇ ಆಟ. ಮೊದಲ ದಿನವೇ 55,000 ಪ್ರತಿಗಳು ಮಾರಾಟವಾದವು. ಒಂದು ಹನಿ ರಕ್ತವಿಲ್ಲದೆ ಇಷ್ಟು ಚೆನ್ನಾಗಿ ಕಾಡುವ ಆಟವನ್ನು ನಾನಂತೂ ಕಂಡಿಲ್ಲ.

ಇದೇ ತಂಡ ‘ರೇಸ್ ಆ್ಯಂಡ್ ಚೇಸ್’ ಎಂಬ ಹೆಸರಿನಲ್ಲಿ ಶುರುಮಾಡಿದ ಕಾರಿನ ಆಟವೇ 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಆಗಿ ಹೊರಬಂತು. ಮೂಲ ಯೋಜನೆಯಲ್ಲಿ ಆಟಗಾರ ಪೊಲೀಸನೂ ಆಗಬಹುದಿತ್ತು. ಕಳ್ಳನಾಗುವುದರಲ್ಲೇ ಹೆಚ್ಚು ಮಜವಿದೆಯೆಂದು ತಯಾರಕರಿಗೆ ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಪ್ರಕಾಶಕರು ಪ್ರಚಾರಕ್ಕೆಂದು ಮ್ಯಾಕ್ಸ್ ಕ್ಲಿಫರ್ಡ್ ಎಂಬ ಚತುರನನ್ನು ನೇಮಿಸಿ ವಿವಾದವನ್ನು ತಾವೇ ಊದಿ ಹೊತ್ತಿಸಿದರು. ಆಟ ಅಂಗಡಿಗೆ ಬರುವ ಮುನ್ನವೇ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಅದರ ಪ್ರಸ್ತಾಪವಾಯಿತು.

ಆಮೇಲಿನದು ಸ್ಟುಡಿಯೊದ ಒಡೆತನ ಕೈ ಬದಲಾದ ಕಥೆ. 1997ರಲ್ಲಿ ಶೆಫೀಲ್ಡಿನ ಗ್ರೆಮ್ಲಿನ್, 1999ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್, ಅದೇ ವರ್ಷ ನ್ಯೂಯಾರ್ಕಿನ ಟೇಕ್-ಟು. ಜೋನ್ಸ್ ಹೊರನಡೆದರು. ಸ್ಟುಡಿಯೊ ಎಡಿನ್‌ಬರೊ ನಗರಕ್ಕೆ ಹೋಗಿ 2002ರಲ್ಲಿ, ಟೇಕ್-ಟುವಿನ ಗೇಮ್ ವಿಭಾಗವಾದ ರಾಕ್‌ಸ್ಟಾರ್‌ನ ಹೆಸರಿನಂತೆ, ರಾಕ್‌ಸ್ಟಾರ್ ನಾರ್ತ್ ಎಂದು ಹೆಸರು ಬದಲಿಸಿಕೊಂಡಿತು. ಆದರೆ ಮೂರು ಆಯಾಮದ ತೆರೆದ ನಗರವನ್ನು ಜಗತ್ತಿಗೆ ತೋರಿಸಿದ 2001ರ ಮೂರನೆಯ ಆಟವನ್ನು ಮಾಡಿದವರೂ ಸ್ಕಾಟ್ಲೆಂಡಿನಲ್ಲೇ ಕುಳಿತಿದ್ದರು. ಅದರ ದೃಶ್ಯಗಳನ್ನು ಪರದೆಯ ಮೇಲೆ ಮೂಡಿಸುವ ತಂತ್ರಾಂಶ ರೆಂಡರ್‌ವೇರ್ ಇಂಗ್ಲೆಂಡಿನ ಗಿಲ್‌ಫರ್ಡ್‌ನದು. ನ್ಯೂಯಾರ್ಕಿನಿಂದ ಕಥೆ, ಧೋರಣೆ ನಿರ್ಧರಿಸುತ್ತಿದ್ದ ಹೌಸರ್ ಸೋದರರು ಲಂಡನ್ನಿನವರು. ಬ್ರಿಟಿಷರು ಅಮೆರಿಕವನ್ನು ನೋಡಿ ನಕ್ಕ ನಗೆ ಅದು. ಅದನ್ನು ಅಮೆರಿಕದ್ದೆಂದು ಓದಿದರೆ ಅದರ ವ್ಯಂಗ್ಯವೇ ಕೈತಪ್ಪುತ್ತದೆ. 2013ರ ಐದನೆಯ ಆಟವಂತೂ ಮೂರೇ ದಿನಗಳಲ್ಲಿ ನೂರು ಕೋಟಿ ಡಾಲರ್ ಗಳಿಸಿತು.

ಈ ಕಥೆಯ ಒಂದು ಎಳೆ ನಮ್ಮ ಊರಿನಲ್ಲೂ ಇದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯನ್ನು ರಾಕ್‌ಸ್ಟಾರ್ 2019ರಲ್ಲಿ ಕೊಂಡು ತನ್ನ ಬೆಂಗಳೂರು ಸ್ಟುಡಿಯೊದೊಳಗೆ ಸೇರಿಸಿಕೊಂಡಿತು. ಡಿಎಂಎ ಹೆಸರು ಮರೆಯಾದಂತೆ ಧ್ರುವದ ಹೆಸರೂ ಮರೆಯಾಯಿತು. ಡಂಡೀ ಜನ ಮಾತ್ರ ಮರೆತಿಲ್ಲ: 1997ರಲ್ಲೇ ಅಲ್ಲಿನ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್ ತಯಾರಿಕೆಯಲ್ಲಿ ಪದವಿ ತರಗತಿ ತೆರೆಯಿತು, ಊರಿನ ಉದ್ಯಾನವೊಂದರಲ್ಲಿ ಲೆಮಿಂಗ್‌ಗಳ ಕಂಚಿನ ಪ್ರತಿಮೆಗಳನ್ನೂ ನಿಲ್ಲಿಸಿದ್ದಾರೆ.

ಪತ್ರಿಕೆಯಲ್ಲಿ ಈ ಸರಣಿಯ ಸುದ್ದಿ ಬರೆಯುವಾಗ ಗಳಿಕೆಯ ಅಂಕಿಗಳ ಜೊತೆಗೆ ಡಂಡೀ, ಎಡಿನ್‌ಬರೊ, ಬೆಂಗಳೂರುಗಳಲ್ಲಿ ಅದನ್ನು ಮಾಡುವವರ ಬಗೆಗೂ ಒಂದೆರಡು ಸಾಲು ಬರಲಿ ಎಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಬೆಂಗಳೂರು